ಹೈಬ್ರಿಡ್ ಕಾರಿಗೆ ಯಾವ ಪೆಟ್ರೋಲ್? ಆಕ್ಟೇನ್ ಮತ್ತು ಎಥೆನಾಲ್ ಲೆಕ್ಕ

ಪೆಟ್ರೋಲ್ ಪಂಪಿನ ಮೇಲೆ ಈಗ ಎರಡು ಜಾತಿಯ ಅಂಕಿಗಳು ಕಾಣುತ್ತವೆ. 87, 91, 95, 98 ಅನ್ನುವುದು ಒಂದು. ಇ5, ಇ10, ಇ20, ಇ85 ಅನ್ನುವುದು ಇನ್ನೊಂದು. ಹಳೆಯ ಕಾರಿನಲ್ಲಿ ಇದರ ಬಗ್ಗೆ ತಲೆ ಕೆಡಿಸಿಕೊಳ್ಳದವರೂ ಹೈಬ್ರಿಡ್ ಕೊಂಡ ಮೇಲೆ ಯೋಚನೆಗೆ ಬೀಳುತ್ತಾರೆ. ದುಬಾರಿ ಎಂಜಿನ್, ಜೊತೆಗೆ ಮೋಟಾರು, ಬ್ಯಾಟರಿ. ಪೆಟ್ರೋಲೂ ದುಬಾರಿಯದ್ದೇ ಬೇಕೇನೋ ಅನ್ನಿಸುವುದು ಸಹಜ ಅಲ್ವಾ?

ಬಹುತೇಕ ಹೈಬ್ರಿಡ್‌ಗಳಿಗೆ ಬೇಡ. ಸಾದಾ ಗ್ರೇಡಿನ ಪೆಟ್ರೋಲ್ ಸಾಕು. ಎಥೆನಾಲ್ ಎಷ್ಟಿರಬಹುದು ಅನ್ನುವುದನ್ನು ಕಾರು ತಯಾರಿಸಿದವರೇ ಬರೆದು ಕೊಟ್ಟಿರುತ್ತಾರೆ. ಹೈಬ್ರಿಡ್ ಮಾಲೀಕರು ಇವೆರಡಕ್ಕಿಂತ ಜಾಸ್ತಿ ಗಮನ ಕೊಡಬೇಕಾದ ಮೂರನೆಯ ಸಂಗತಿ ಒಂದಿದೆ: ಆ ಪೆಟ್ರೋಲ್ ಟ್ಯಾಂಕಿಗೆ ಬಿದ್ದು ಎಷ್ಟು ದಿನ ಆಯಿತು ಅನ್ನುವುದು. ಅಲ್ಲಿಗೆ ಬರುವ ಮೊದಲು ಆ ಎರಡು ಅಂಕಿಗಳ ಅರ್ಥ ನೋಡೋಣ.

ಆಕ್ಟೇನ್ ಏನನ್ನು ಅಳೆಯುತ್ತದೆ?

ಎಂಜಿನ್ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲ್ ಬೆರೆತು ಬರುತ್ತವೆ. ಪಿಸ್ಟನ್ ಮೇಲೆ ಬಂದು ಅದನ್ನು ಒತ್ತುತ್ತದೆ. ಒತ್ತಿದಾಗ ಬಿಸಿ ಏರುತ್ತದೆ. ಪಿಸ್ಟನ್ ತುದಿ ಮುಟ್ಟುವ ಸ್ವಲ್ಪ ಮೊದಲು ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಬೆಂಕಿ ಅಲ್ಲಿಂದ ಸಿಲಿಂಡರಿನ ಅಂಚಿನವರೆಗೆ ಹರಡುತ್ತದೆ. ಇದೆಲ್ಲ ಆಗುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ.

ಕೆಲವು ಸಲ ಒಂದು ಎಡವಟ್ಟಾಗುತ್ತದೆ. ಬೆಂಕಿ ಇನ್ನೂ ತಲುಪದ ಮೂಲೆಯಲ್ಲಿರುವ ಮಿಶ್ರಣ ಬಿಸಿ ಮತ್ತು ಒತ್ತಡ ತಾಳಲಾರದೆ ತಾನಾಗಿಯೇ ಹೊತ್ತಿಕೊಂಡುಬಿಡುತ್ತದೆ. ಆಗ ಒತ್ತಡ ಒಮ್ಮೆಲೇ ಏರಿ, ಪಿಸ್ಟನ್ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಪೆಟ್ಟು ಬೀಳುತ್ತದೆ. ಉಯ್ಯಾಲೆ ನಿಮ್ಮ ಕಡೆಗೆ ಬರುತ್ತಿರುವಾಗಲೇ ಅದನ್ನು ಎದುರಿನಿಂದ ದಬ್ಬಿದರೆ ಹೇಗಿರುತ್ತದೋ ಹಾಗೆ. ಶಕ್ತಿ ವ್ಯರ್ಥ, ಕೈಗೂ ನೋವು. ಎಂಜಿನ್ನಿನಲ್ಲಿ ಇದು ಲೋಹದ ಕಟಕಟ ಸದ್ದಾಗಿ ಕೇಳಿಸುತ್ತದೆ. ಇದಕ್ಕೇ ನಾಕಿಂಗ್ ಅನ್ನುವುದು. ತುಂಬಾ ದಿನ ಹೀಗೇ ಬಿಟ್ಟರೆ ಪಿಸ್ಟನ್ನಿಗೆ ಹಾನಿ.

ಪೆಟ್ರೋಲ್ ಹೀಗೆ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್. 1920ರ ದಶಕದಲ್ಲಿ ಈ ಅಳತೆಗೋಲು ಹುಟ್ಟಿತು. ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೊ-ಆಕ್ಟೇನ್‌ಗೆ 100 ಅಂಕ, ಬೇಗ ಶರಣಾಗುವ ಹೆಪ್ಟೇನ್‌ಗೆ ಸೊನ್ನೆ. 95 ಆಕ್ಟೇನ್ ಪೆಟ್ರೋಲ್ ಅಂದರೆ 95 ಭಾಗ ಐಸೊ-ಆಕ್ಟೇನ್ ಮತ್ತು 5 ಭಾಗ ಹೆಪ್ಟೇನ್ ಬೆರೆಸಿದ ದ್ರವದಷ್ಟೇ ತಡೆಯುವಂಥದ್ದು. ನಿಜವಾಗಿ ಅದರೊಳಗೆ ಇರುವುದು ನೂರಾರು ಬೇರೆ ಬೇರೆ ರಾಸಾಯನಿಕಗಳು. ಅಂಕಿ ಹೇಳುವುದು ವರ್ತನೆಯನ್ನು ಮಾತ್ರ.

ಅಂದರೆ ಆಕ್ಟೇನ್ ಜಾಸ್ತಿ ಇದ್ದ ಮಾತ್ರಕ್ಕೆ ಲೀಟರಿನಲ್ಲಿ ಶಕ್ತಿ ಜಾಸ್ತಿ ಇರುವುದಿಲ್ಲ. ನಾಕಿಂಗೇ ಆಗದ ಎಂಜಿನ್ನಿಗೆ ಇನ್ನಷ್ಟು ತಡೆಯುವ ಪೆಟ್ರೋಲ್ ಹಾಕಿ ಗಳಿಸುವುದು ಏನೂ ಇಲ್ಲ. ಅಮೆರಿಕದ ವಾಹನ ಮಾಲೀಕರ ಸಂಘಟನೆ ಎಎಎ 2016ರಲ್ಲಿ ಇದನ್ನು ಪರೀಕ್ಷಿಸಿ ನೋಡಿತು. ಸಾದಾ ಪೆಟ್ರೋಲಿಗೆಂದೇ ಮಾಡಿದ ಕಾರುಗಳಿಗೆ ಪ್ರೀಮಿಯಂ, ಅಂದರೆ ಜಾಸ್ತಿ ಆಕ್ಟೇನಿನ ದುಬಾರಿ ಪೆಟ್ರೋಲ್, ಹಾಕಿದಾಗ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಅಲ್ಲಿನ 91 ಬೇರೆ, ಇಲ್ಲಿನ 91 ಬೇರೆ

ಇಂಟರ್ನೆಟ್ಟಿನಲ್ಲಿ ಸಲಹೆ ಹುಡುಕುವವರು ಎಡವುವುದು ಇಲ್ಲೇ. ಆಕ್ಟೇನನ್ನು ಒಂದೇ ಸಿಲಿಂಡರಿನ ಪರೀಕ್ಷಾ ಎಂಜಿನ್ನಿನಲ್ಲಿ ಎರಡು ರೀತಿಯಲ್ಲಿ ಅಳೆಯುತ್ತಾರೆ. ನಿಮಿಷಕ್ಕೆ 600 ಸುತ್ತಿನಲ್ಲಿ, ಹದವಾದ ಬಿಸಿಯಲ್ಲಿ ಓಡಿಸಿದರೆ ಸಿಗುವುದು ರಾನ್ ಅಂಕಿ. 900 ಸುತ್ತಿನಲ್ಲಿ, ಮಿಶ್ರಣವನ್ನು ಇನ್ನಷ್ಟು ಬಿಸಿ ಮಾಡಿ ಅಳೆದರೆ ಮಾನ್ ಅಂಕಿ. ಎರಡನೆಯದು ಕಠಿಣ ಪರೀಕ್ಷೆ, ಹಾಗಾಗಿ ಅಂಕಿ ಕಡಿಮೆ ಬರುತ್ತದೆ.

ಯುರೋಪ್, ಭಾರತ ಮತ್ತು ಇನ್ನೂ ಎಷ್ಟೋ ದೇಶಗಳು ರಾನ್ ಬಳಸುತ್ತವೆ. ಅಮೆರಿಕ ಮತ್ತು ಕೆನಡಾದ ಪಂಪುಗಳು ಎರಡರ ಸರಾಸರಿ ತೋರಿಸುತ್ತವೆ, ಅದರ ಹೆಸರು ಎಕೆಐ. ಅದೇ ಪೆಟ್ರೋಲಿಗೆ ಎಕೆಐ ಅಂಕಿ ರಾನ್‌ಗಿಂತ ನಾಲ್ಕೈದು ಕಡಿಮೆ ಇರುತ್ತದೆ. ಅಮೆರಿಕದ ಸಾದಾ ಪೆಟ್ರೋಲ್ 87 ಅಂದರೆ ರಾನ್‌ನಲ್ಲಿ ಸುಮಾರು 91. ಅಲ್ಲಿನ ಪ್ರೀಮಿಯಂ 91 ಅಂದರೆ ರಾನ್‌ನಲ್ಲಿ ಸುಮಾರು 95.

ಇದು ಗೊತ್ತಿಲ್ಲದಿದ್ದರೆ ಗೊಂದಲ ಗ್ಯಾರಂಟಿ. ಅಮೆರಿಕದ ವಿಡಿಯೋದಲ್ಲಿ '91 ಹಾಕಿ' ಅಂದದ್ದನ್ನು ಕೇಳಿ ರಾನ್ 91 ಹಾಕಿಸಿದರೆ ಅವರು ಹೇಳಿದ್ದಕ್ಕಿಂತ ಕೆಳಗಿನ ಗ್ರೇಡ್ ಹಾಕಿಸಿದಂತೆ. ಅದೇ ತರ 'ನಮ್ಮಲ್ಲಿ ಸಾದಾ ಪೆಟ್ರೋಲೇ 95, ಅವರದ್ದು ಬರೀ 87' ಅಂತ ಬೀಗುವುದೂ ಅರ್ಧ ಸತ್ಯ. ಕಾರಿನ ಕೈಪಿಡಿಯಲ್ಲಿ ಅಂಕಿಯ ಪಕ್ಕ ಅದು ಯಾವ ಅಳತೆ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಅದನ್ನೂ ಸೇರಿಸಿ ಓದಬೇಕು.

ಕಂಪ್ರೆಷನ್ 14 ಇದ್ದರೂ ಸಾದಾ ಪೆಟ್ರೋಲ್ ಹೇಗೆ ಸಾಕು?

ಕಾರುಗಳ ಬಗ್ಗೆ ಸ್ವಲ್ಪ ಗೊತ್ತಿರುವವರು ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಮಿಶ್ರಣವನ್ನು ಎಷ್ಟು ಪಟ್ಟು ಕುಗ್ಗಿಸಿ ಒತ್ತುತ್ತೇವೆ ಅನ್ನುವುದು ಕಂಪ್ರೆಷನ್ ರೇಶಿಯೊ. ಅದು ಜಾಸ್ತಿಯಾದಷ್ಟೂ ನಾಕಿಂಗ್ ಭಯ ಜಾಸ್ತಿ. ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ನ 1.8 ಲೀಟರ್ ಎಂಜಿನ್ನಿನಲ್ಲಿ ಇದು 13. ಟೊಯೋಟಾದ 2.5 ಲೀಟರ್ ಹೈಬ್ರಿಡ್ ಎಂಜಿನ್ನಿನಲ್ಲಿ 14. ಇಷ್ಟಿದ್ದರೆ ಪ್ರೀಮಿಯಂ ಬೇಕಾಗಬೇಕಿತ್ತು. ಆದರೂ ಅಮೆರಿಕದಲ್ಲಿ ಇವೆರಡಕ್ಕೂ 87 ಎಕೆಐ, ಅಂದರೆ ಅಲ್ಲಿ ಸಿಗುವ ಸಾದಾ ಪೆಟ್ರೋಲೇ ಸಾಕು. ಯಾಕೆ?

ಗುಟ್ಟು ಇರುವುದು ವಾಲ್ವ್‌ನಲ್ಲಿ. ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿದು ಗಾಳಿ ಎಳೆದುಕೊಂಡ ಮೇಲೆ ಬೇಗನೇ ಒಳದಾರಿಯ ವಾಲ್ವ್ ಮುಚ್ಚುತ್ತದೆ. ಹೈಬ್ರಿಡ್ ಎಂಜಿನ್ನಿನಲ್ಲಿ ಅದನ್ನು ಬೇಕೆಂದೇ ತಡವಾಗಿ ಮುಚ್ಚುತ್ತಾರೆ. ಪಿಸ್ಟನ್ ಮೇಲೆ ಬರಲು ಶುರು ಮಾಡಿದಾಗಲೂ ವಾಲ್ವ್ ತೆರೆದೇ ಇರುತ್ತದೆ. ಎಳೆದುಕೊಂಡ ಗಾಳಿಯಲ್ಲಿ ಒಂದಿಷ್ಟು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ನಿಜವಾಗಿ ಒತ್ತಿಸಿಕೊಳ್ಳುವುದು ಉಳಿದದ್ದು ಮಾತ್ರ. ಹಾಗಾಗಿ ಕಾಗದದ ಮೇಲೆ 13 ಅಥವಾ 14 ಇದ್ದರೂ ಮಿಶ್ರಣಕ್ಕೆ ಬೀಳುವ ಒತ್ತಡ ಅಷ್ಟಿರುವುದಿಲ್ಲ.

ಬೆಂಕಿ ಹತ್ತಿದ ಮೇಲೆ ಪಿಸ್ಟನ್ ಕೆಳಗಿಳಿಯುವ ಹಾದಿ ಮಾತ್ರ ಪೂರ್ತಿ ಉದ್ದ. ಬಿಸಿ ಅನಿಲ ಹೆಚ್ಚು ಹಿಗ್ಗಿ, ಹೆಚ್ಚು ಕೆಲಸ ಮಾಡಿ, ಆಮೇಲೆ ಹೊರಗೆ ಹೋಗುತ್ತದೆ. ಒತ್ತುವುದು ಕಡಿಮೆ, ಹಿಗ್ಗುವುದು ಜಾಸ್ತಿ. ಇದಕ್ಕೆ ಅಟ್ಕಿನ್ಸನ್ ಸೈಕಲ್ ಅನ್ನುತ್ತಾರೆ. ಜೇಮ್ಸ್ ಅಟ್ಕಿನ್ಸನ್ ಎಂಬ ಬ್ರಿಟಿಷ್ ಎಂಜಿನಿಯರ್ 1880ರ ದಶಕದಲ್ಲಿ ಇದನ್ನು ಸನ್ನೆಕೋಲುಗಳ ಜಟಿಲ ಜೋಡಣೆಯಿಂದ ಸಾಧಿಸಿದ್ದರು. ಈಗ ವಾಲ್ವ್ ಮುಚ್ಚುವ ಹೊತ್ತನ್ನು ಬದಲಿಸಿ ಅದೇ ಫಲ ಪಡೆಯುತ್ತಾರೆ. 2015ರ ಕೊನೆಗೆ ಬಂದ ನಾಲ್ಕನೇ ತಲೆಮಾರಿನ ಪ್ರಿಯಸ್ ಎಂಜಿನ್ ಪೆಟ್ರೋಲಿನ ಶಾಖದಲ್ಲಿ ಶೇ 40ರಷ್ಟನ್ನು ಕೆಲಸವಾಗಿ ಬದಲಿಸುತ್ತದೆ ಅಂತ ಟೊಯೋಟಾ ಹೇಳಿಕೊಂಡದ್ದರಲ್ಲಿ ಈ ತಂತ್ರದ ಪಾಲೂ ಇದೆ.

ಇಂಥ ಎಂಜಿನ್ನಿಗೆ ಒಂದು ಕೊರತೆ ಇದೆ. ಗಾಳಿ ಕಡಿಮೆ ಉಳಿಯುವುದರಿಂದ ನಿಂತಲ್ಲಿಂದ ಎಳೆಯುವ ತಾಕತ್ತು ಕಡಿಮೆ. ಆ ಕೊರತೆಯನ್ನು ಎಲೆಕ್ಟ್ರಿಕ್ ಮೋಟಾರು ತುಂಬುತ್ತದೆ. ಇದರಿಂದ ನಾಕಿಂಗ್ ವಿಷಯದಲ್ಲಿ ಇನ್ನೊಂದು ಲಾಭವೂ ಇದೆ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಭಾರೀ ಹೊರೆ ಬಿದ್ದರೆ ನಾಕಿಂಗ್ ಸುಲಭವಾಗಿ ಶುರುವಾಗುತ್ತದೆ. ಮೇಲಿನ ಗೇರಿನಲ್ಲಿ ದಿಬ್ಬ ಹತ್ತಿಸಿದವರಿಗೆ ಆ ಸದ್ದು ಗೊತ್ತು. ಹೈಬ್ರಿಡ್ಡಿನಲ್ಲಿ ಅಂಥ ಹೊತ್ತಿಗೆ ಸರಿಯಾಗಿ ಮೋಟಾರು ಹೆಗಲು ಕೊಡುತ್ತದೆ.

ಪ್ರೀಮಿಯಂ ಕೇಳುವ ಹೈಬ್ರಿಡ್‌ಗಳೂ ಇವೆ

ಎಲ್ಲ ಹೈಬ್ರಿಡ್ಡೂ ಅಟ್ಕಿನ್ಸನ್ ದಾರಿಯಲ್ಲಿ ಹೋಗುವುದಿಲ್ಲ. ಟರ್ಬೊ ಎಂಜಿನ್ ಇರುವ ಐಷಾರಾಮಿ ಮತ್ತು ವೇಗದ ಹೈಬ್ರಿಡ್‌ಗಳಲ್ಲಿ ಗಾಳಿಯನ್ನು ಬಲವಂತವಾಗಿ ತುರುಕುತ್ತಾರೆ. ಒತ್ತಡ ಏರುತ್ತದೆ, ಜಾಸ್ತಿ ಆಕ್ಟೇನ್ ಬೇಕಾಗುತ್ತದೆ. ಹಾಗಂತ ಟರ್ಬೊ ಇದ್ದದ್ದಕ್ಕೆಲ್ಲ ಪ್ರೀಮಿಯಂ ಅಂತಲೂ ಅಲ್ಲ. ಸಾದಾ ಪೆಟ್ರೋಲಿನಲ್ಲೇ ಓಡುವ ಟರ್ಬೊ ಹೈಬ್ರಿಡ್‌ಗಳೂ ಇವೆ.

ಹೆಸರು ನೋಡಿ ಊಹಿಸುವುದೂ ಅಪಾಯ. ಶೆವರ್ಲೆ ವೋಲ್ಟ್ ಎಂಬ ಪ್ಲಗ್-ಇನ್ (ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡುವ) ಹೈಬ್ರಿಡ್ಡಿನ ಮೊದಲ ತಲೆಮಾರಿನಲ್ಲಿ, ಅಂದರೆ 2011ರಿಂದ 2015ರ ಮಾಡೆಲ್‌ಗಳಲ್ಲಿ, ಪ್ರೀಮಿಯಂ ಕಡ್ಡಾಯವಾಗಿತ್ತು. 2016ರ ಮಾಡೆಲಿನಲ್ಲಿ ಎಂಜಿನ್ ಬದಲಾಯಿತು, ಸಾದಾ ಪೆಟ್ರೋಲ್ ಸಾಕಾಯಿತು.

ಕೈಪಿಡಿಯಲ್ಲಿ 'ಕಡ್ಡಾಯ' ಅಂತ ಇದೆಯೋ 'ಶಿಫಾರಸು' ಅಂತ ಇದೆಯೋ ಗಮನಿಸಿ. ಕಡ್ಡಾಯ ಅಂದರೆ ಚೌಕಾಸಿ ಇಲ್ಲ. ಶಿಫಾರಸು ಅಂದರೆ ಕೆಳಗಿನ ಗ್ರೇಡಿನಲ್ಲೂ ಓಡುತ್ತದೆ, ಸ್ವಲ್ಪ ಬಿರುಸು ಅಥವಾ ಮೈಲೇಜ್ ಕಡಿಮೆಯಾಗಬಹುದು. ಇದಕ್ಕೆ ಕಾರಣ ನಾಕ್ ಸೆನ್ಸರ್. ಎಂಜಿನ್ ಬ್ಲಾಕಿಗೆ ಬಿಗಿದಿರುವ ಈ ಪುಟ್ಟ ಸಾಧನ ನಾಕಿಂಗಿನ ಕಂಪನವನ್ನು ಗುರುತಿಸಿ ಕಾರಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಕಂಪ್ಯೂಟರ್ ಕಿಡಿ ಕೊಡುವುದನ್ನು ಒಂಚೂರು ತಡ ಮಾಡುತ್ತದೆ. ನಾಕಿಂಗ್ ನಿಲ್ಲುತ್ತದೆ, ಜೊತೆಗೆ ಸ್ವಲ್ಪ ಶಕ್ತಿಯೂ ಹೋಗುತ್ತದೆ. ನಿಮ್ಮ ಕಿವಿಗೆ ಏನೂ ಬೀಳುವುದಿಲ್ಲ.

ಎಥೆನಾಲ್ ಬೆರೆತರೆ ಏನಾಗುತ್ತದೆ?

ಎಥೆನಾಲ್ ಅಂದರೆ ಆಲ್ಕೋಹಾಲ್. ಕಬ್ಬು, ಮೆಕ್ಕೆಜೋಳ, ಬೇರೆ ಧಾನ್ಯಗಳಿಂದ ತಯಾರಾಗುತ್ತದೆ. 'ಇ' ಪಕ್ಕದ ಅಂಕಿ ಶೇಕಡಾವಾರು ಎಷ್ಟು ಬೆರೆತಿದೆ ಅನ್ನುವುದನ್ನು ಹೇಳುತ್ತದೆ. ಇ10ನಲ್ಲಿ ಹೆಚ್ಚೆಂದರೆ ಹತ್ತು ಭಾಗ, ಇ20ನಲ್ಲಿ ಇಪ್ಪತ್ತು. ಇ85 ಮಾತ್ರ ಹೆಸರಿನಷ್ಟು ಕಟ್ಟುನಿಟ್ಟಲ್ಲ. ಅಮೆರಿಕದಲ್ಲಿ ಹವಾಮಾನ ಮತ್ತು ಜಾಗ ನೋಡಿಕೊಂಡು ಅದರಲ್ಲಿ ಶೇ 51ರಿಂದ 83ರವರೆಗೆ ಎಥೆನಾಲ್ ಇರುತ್ತದೆ.

ಆಕ್ಟೇನ್ ವಿಷಯದಲ್ಲಿ ಎಥೆನಾಲ್ ಗಟ್ಟಿ ಕುಳ. ಅದರ ರಾನ್ ಸುಮಾರು 108. ಆವಿಯಾಗುವಾಗ ಪೆಟ್ರೋಲಿಗಿಂತ ಎಷ್ಟೋ ಹೆಚ್ಚು ಶಾಖ ಹೀರಿಕೊಂಡು ಸಿಲಿಂಡರನ್ನು ತಂಪು ಮಾಡುತ್ತದೆ. ನಾಕಿಂಗ್ ತಡೆಯಲು ಎರಡೂ ಅನುಕೂಲವೇ.

ಸೋಲುವುದು ಮೈಲೇಜಿನಲ್ಲಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಒಂದು ಲೀಟರ್ ಎಥೆನಾಲಿನಲ್ಲಿ ಇರುವುದು ಸುಮಾರು 21. ಮೂರರಲ್ಲಿ ಎರಡು ಪಾಲು ಅಂದುಕೊಳ್ಳಿ. ಈ ಲೆಕ್ಕದಲ್ಲಿ ಇ10 ಹಾಕಿದರೆ ಲೀಟರಿನ ಶಕ್ತಿ ಶೇ 3ರಷ್ಟು ಕಡಿಮೆ, ಇ20 ಆದರೆ ಶೇ 6ರಿಂದ 7. ಬೆರಕೆ ಇಲ್ಲದ ಪೆಟ್ರೋಲಿನಲ್ಲಿ 25 ಕಿಲೋಮೀಟರ್ ಕೊಡುವ ಹೈಬ್ರಿಡ್ ಇ10ನಲ್ಲಿ 24ರ ಆಸುಪಾಸು, ಇ20ನಲ್ಲಿ 23ರ ಆಸುಪಾಸು ಕೊಡಬೇಕು. ಜಾಸ್ತಿ ಆಕ್ಟೇನಿನ ಲಾಭ ಪಡೆಯುವಂತೆ ಟ್ಯೂನ್ ಮಾಡಿದ ಎಂಜಿನ್ನಿನಲ್ಲಿ ಈ ನಷ್ಟ ಸ್ವಲ್ಪ ತಗ್ಗುತ್ತದೆ.

ನಿಮ್ಮ ಮೈಲೇಜ್ ಇದಕ್ಕಿಂತ ಎಷ್ಟೋ ಜಾಸ್ತಿ ಬಿದ್ದಿದ್ದರೆ ಪೂರ್ತಿ ತಪ್ಪನ್ನು ಎಥೆನಾಲ್ ತಲೆಗೆ ಕಟ್ಟುವಂತಿಲ್ಲ. ಚಿಕ್ಕ ಚಿಕ್ಕ ಓಡಾಟ, ಟೈರಿನ ಗಾಳಿ, ಏಸಿ, ಚಳಿ ಇವೆಲ್ಲ ಹೈಬ್ರಿಡ್ ಮೈಲೇಜನ್ನು ಚೆನ್ನಾಗಿಯೇ ಅಲುಗಾಡಿಸುತ್ತವೆ. ಸರಿಯಾಗಿ ತಿಳಿಯಬೇಕಾದರೆ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಭಾಗಿಸಿ. ಒಂದೇ ಸಲಕ್ಕೆ ತೀರ್ಮಾನ ಬೇಡ. ಮಾಮೂಲಿ ಹೈಬ್ರಿಡ್ಡಿನ ಬ್ಯಾಟರಿ ಚಿಕ್ಕದು. ಅದರಲ್ಲಿ ಹಿಡಿಯುವ ಶಕ್ತಿ ಅರ್ಧ ಲೀಟರ್ ಪೆಟ್ರೋಲಿಗೂ ಸಮವಲ್ಲ. ಹಾಗಾಗಿ ಅದರ ಏರಿಳಿತ ಲೆಕ್ಕ ಕೆಡಿಸುವುದಿಲ್ಲ. ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡುವ ಪ್ಲಗ್-ಇನ್ ಹೈಬ್ರಿಡ್ ಆದರೆ ಕರೆಂಟಿನಲ್ಲಿ ಓಡಿದ ಕಿಲೋಮೀಟರನ್ನು ಕಳೆಯಬೇಕು. ಇಲ್ಲದಿದ್ದರೆ ಬರುವ ಅಂಕಿಗೆ ಅರ್ಥವೇ ಇಲ್ಲ.

ಎಷ್ಟರವರೆಗೆ ಹಾಕಬಹುದು?

ಎಥೆನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ನೀರಿನ ಜೊತೆ ಸೇರಿ ಕೆಲವು ಲೋಹಗಳಿಗೆ ತುಕ್ಕು ಹಿಡಿಸಬಹುದು. ಪೆಟ್ರೋಲ್ ಪೈಪು, ಸೀಲು, ಪಂಪು, ಇಂಜೆಕ್ಟರ್ ಇವೆಲ್ಲ ಅದನ್ನು ತಾಳುವ ವಸ್ತುವಿನಿಂದ ಆಗಿರಬೇಕು. ಎರಡನೆಯ ಮಿತಿ ಕಂಪ್ಯೂಟರಿನದು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಕಿಲೋ ಸಾಕು. ಎಥೆನಾಲ್ ಪಾಲು ಏರಿದಂತೆ ಅದೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಇದನ್ನು ಸರಿದೂಗಿಸುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ.

ಆ ಮಿತಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಯುರೋಪಿನಲ್ಲಿ 2018ರಿಂದ ಹೊಸ ಕಾರಿನ ಮುಚ್ಚಳದ ಬಳಿಯೂ ಪಂಪಿನ ಮೇಲೂ ಒಂದೇ ಗುರುತು: ಒಂದು ವೃತ್ತ, ಅದರೊಳಗೆ ಇ5 ಅಥವಾ ಇ10. ಎರಡೂ ಕಡೆ ಹೊಂದಿದರೆ ಹಾಕಿಸಿ. ಅಮೆರಿಕದಲ್ಲಿ ಇ10 ಸಾಮಾನ್ಯ. 2001 ಮತ್ತು ಅದರ ನಂತರದ ಮಾಡೆಲ್ ಕಾರುಗಳಿಗೆ ಇ15 ಹಾಕಬಹುದು ಅಂತ ಅಲ್ಲಿನ ಪರಿಸರ ಸಂಸ್ಥೆ ಹೇಳಿದೆ. ಆದರೆ ಕೆಲವು ಕೈಪಿಡಿಗಳು ಇ10ಕ್ಕೇ ನಿಲ್ಲಿಸುತ್ತವೆ. ವಾರಂಟಿ ಪ್ರಶ್ನೆ ಬಂದಾಗ ಲೆಕ್ಕಕ್ಕೆ ಬರುವುದು ಕೈಪಿಡಿಯ ಮಾತು. ಭಾರತದ ಪಂಪುಗಳು ಇ20ಗೆ ಬಂದಿವೆ. ಬ್ರೆಜಿಲ್ 2025ರಲ್ಲಿ ಇ30ಗೆ ಏರಿತು.

ಫ್ಲೆಕ್ಸ್-ಫ್ಯೂಯೆಲ್ ಅಂತ ಬರೆದಿರುವ ಕಾರಿಗೆ ಮಾತ್ರ ಇ85. ಹೈಬ್ರಿಡ್‌ನಲ್ಲಿ ಇವು ಅಪರೂಪ. 2019ರಲ್ಲಿ ಬ್ರೆಜಿಲ್‌ನಲ್ಲಿ ಬಂದ ಟೊಯೋಟಾ ಕೊರೊಲಾ ಅಂಥದ್ದು. ಅದು ಪೆಟ್ರೋಲಿನಲ್ಲೂ ಓಡುತ್ತದೆ, ಬರೀ ಎಥೆನಾಲಿನಲ್ಲೂ ಓಡುತ್ತದೆ.

ಮಿತಿಗಿಂತ ಕಡಿಮೆ ಎಥೆನಾಲ್ ಇದ್ದರೆ ತೊಂದರೆ ಇಲ್ಲ, ಆಕ್ಟೇನ್ ಮಾತ್ರ ಕೈಪಿಡಿ ಹೇಳಿದಷ್ಟಿರಬೇಕು. ಇ20 ತಾಳುವ ಕಾರಿನ ಟ್ಯಾಂಕಿನಲ್ಲಿ ಇ10 ಮತ್ತು ಇ20 ಬೆರೆತರೂ ಚಿಂತೆ ಬೇಡ. ಅರ್ಧರ್ಧ ಬೆರೆತರೆ ಇ15 ಆಗುತ್ತದೆ, ಅಷ್ಟೇ.

ಟ್ಯಾಂಕಿನಲ್ಲೇ ಮುದಿಯಾಗುವ ಪೆಟ್ರೋಲ್

ಪ್ಲಗ್-ಇನ್ ಹೈಬ್ರಿಡ್ ಇರುವವರು ಇದನ್ನು ನಿಧಾನವಾಗಿ ಓದಿ. ದಿನದ ಓಡಾಟವೆಲ್ಲ ಕರೆಂಟಿನಲ್ಲೇ ಮುಗಿದರೆ ತುಂಬಿಸಿದ ಪೆಟ್ರೋಲ್ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಅಷ್ಟರಲ್ಲಿ ಅದರ ಹಗುರ ಭಾಗಗಳು ಆವಿಯಾಗುತ್ತವೆ. ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗಲು ಬೇಕಾದದ್ದೇ ಅವು. ಉಳಿದದ್ದು ಆಕ್ಸಿಜನ್ ಜೊತೆ ಸೇರಿ ಅಂಟಾಗುತ್ತಾ ಹೋಗುತ್ತದೆ.

ಎಥೆನಾಲಿಗೆ ನೀರು ಅಂದರೆ ಪ್ರೀತಿ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಇ10 ಪೆಟ್ರೋಲ್ ಸುಮಾರು ಶೇ 0.5ರಷ್ಟು ನೀರನ್ನು ತನ್ನಲ್ಲಿ ಕರಗಿಸಿಕೊಳ್ಳಬಲ್ಲದು. ಅದಕ್ಕಿಂತ ಜಾಸ್ತಿಯಾದರೆ ನೀರು ಮತ್ತು ಎಥೆನಾಲ್ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದೂ ತಳದಿಂದಲೇ. ಮೇಲೆ ಉಳಿದ ಪೆಟ್ರೋಲ್ ಎಥೆನಾಲ್ ಕಳೆದುಕೊಂಡು ಆಕ್ಟೇನಿನಲ್ಲೂ ಸೋತಿರುತ್ತದೆ. ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ ಇದರ ಸಾಧ್ಯತೆ ಕಡಿಮೆ, ಯಾಕೆಂದರೆ ಅವುಗಳ ಟ್ಯಾಂಕ್ ಸಾಮಾನ್ಯವಾಗಿ ಭದ್ರವಾಗಿ ಮುಚ್ಚಿರುತ್ತದೆ. ಮುಚ್ಚಳ ತೆಗೆಯಲು ಬಟನ್ ಒತ್ತಿದರೆ ಕೆಲವು ಕಾರುಗಳು ಒಂದಿಷ್ಟು ಸೆಕೆಂಡು ಕಾಯಿಸುವುದು ಒಳಗಿನ ಒತ್ತಡ ಇಳಿಸಲಿಕ್ಕೆ. ಸುಮ್ನೆ ಕಾಯಿರಿ, ಮುಚ್ಚಳವನ್ನು ಮೀಟಿ ತೆಗೆಯಬೇಡಿ.

ವಯಸ್ಸಿನ ಸಮಸ್ಯೆಯನ್ನು ತಯಾರಕರು ಗಂಭೀರವಾಗಿಯೇ ತೆಗೆದುಕೊಂಡಿದ್ದಾರೆ. ವೋಲ್ಟ್ ಟ್ಯಾಂಕಿನಲ್ಲಿರುವ ಪೆಟ್ರೋಲಿನ ವಯಸ್ಸನ್ನು ಲೆಕ್ಕ ಇಡುತ್ತದೆ. ಸುಮಾರು ಒಂದು ವರ್ಷ ದಾಟಿದರೆ, ಬ್ಯಾಟರಿ ತುಂಬಿದ್ದರೂ ಎಂಜಿನ್ ಓಡಿಸಿ ಹಳೆಯದನ್ನು ಉರಿಸಿ ಮುಗಿಸುತ್ತದೆ. ಟೊಯೋಟಾದ ಪ್ಲಗ್-ಇನ್ ಪ್ರಿಯಸ್ ಕೈಪಿಡಿ 12 ತಿಂಗಳಿಗೊಮ್ಮೆ ಕನಿಷ್ಠ 20 ಲೀಟರ್ ಹೊಸ ಪೆಟ್ರೋಲ್ ಹಾಕಿಸಿ ಅನ್ನುತ್ತದೆ.

ಅಷ್ಟು ಕಾಯದಿರುವುದೇ ವಾಸಿ. ಕರೆಂಟಿನಲ್ಲೇ ಜಾಸ್ತಿ ಓಡುವ ಕಾರಿಗೆ ಫುಲ್ ಟ್ಯಾಂಕ್ ಬೇಡ. ಕಾಲು ಅಥವಾ ಅರ್ಧ ಟ್ಯಾಂಕ್ ಹಾಕಿಸಿ, ಮೂರ್ನಾಲ್ಕು ತಿಂಗಳಲ್ಲಿ ಖರ್ಚಾಗುವಂತೆ ನೋಡಿಕೊಳ್ಳಿ. ಎಂಜಿನ್ ಓಡಿಸುವಾಗ ಎರಡು ನಿಮಿಷಕ್ಕೆ ಆಫ್ ಆಗುವ ಹಾಗೆ ಬೇಡ, ಚೆನ್ನಾಗಿ ಬಿಸಿಯಾಗುವಷ್ಟು ದೂರ ಹೋಗಿ. ತಣ್ಣಗಿನ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ಮತ್ತು ನೀರಾವಿ ಆಯಿಲಿಗೆ ಸೇರುತ್ತವೆ. ಬಿಸಿ ಏರಿದಾಗಲೇ ಅವು ಹೊರಗೆ ಹೋಗುವುದು.

ತಪ್ಪಿ ಬೇರೆ ಇಂಧನ ಹಾಕಿಸಿದರೆ?

ಒಂದು ಸಲ ಕೆಳಗಿನ ಗ್ರೇಡ್ ಬಿದ್ದರೆ ಗಾಬರಿ ಬೇಡ. ನಾಕ್ ಸೆನ್ಸರ್ ಇದೆ. ಆ ಟ್ಯಾಂಕ್ ಮುಗಿಯುವವರೆಗೆ ಜೋರಾಗಿ ಓಡಿಸಬೇಡಿ, ಭಾರ ಹೇರಿ ಘಾಟಿ ಹತ್ತಿಸಬೇಡಿ. ಅರ್ಧ ಖಾಲಿಯಾದಾಗ ಸರಿಯಾದದ್ದನ್ನು ತುಂಬಿಸಿ.

ಇ85 ಬಿದ್ದರೆ ಸ್ವಲ್ಪ ಗಂಭೀರ. ಅದಕ್ಕೆ ಬೇಕಾದಷ್ಟು ಇಂಧನ ಸುರಿಯುವ ಅವಕಾಶ ಮಾಮೂಲಿ ಕಾರಿನ ಕಂಪ್ಯೂಟರಿಗೆ ಇರುವುದಿಲ್ಲ. ಎಂಜಿನ್ ತಡವರಿಸುತ್ತದೆ, ಎಚ್ಚರಿಕೆ ದೀಪ ಹತ್ತುತ್ತದೆ. ಒಂದೆರಡು ಲೀಟರ್ ಬಿದ್ದಿದ್ದರೆ ಉಳಿದದ್ದನ್ನು ಎಥೆನಾಲ್ ಕಡಿಮೆ ಇರುವ ಪೆಟ್ರೋಲಿನಿಂದ ತುಂಬಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಟ್ಯಾಂಕ್ ತುಂಬಾ ಅದೇ ಇದ್ದರೆ ಮೆಕ್ಯಾನಿಕ್ ಹತ್ತಿರ ಖಾಲಿ ಮಾಡಿಸುವುದು ಸೂಕ್ತ.

ಹೈಬ್ರಿಡ್ಡಿನಲ್ಲಿ ಇದು ತಕ್ಷಣ ಗೊತ್ತಾಗುವುದಿಲ್ಲ. ಬಂಕಿನಿಂದ ಕಾರು ಸದ್ದಿಲ್ಲದೆ ಕರೆಂಟಿನಲ್ಲೇ ಹೊರಡುತ್ತದೆ. ಎಂಜಿನ್ ಎಚ್ಚರಾಗುವುದು ಎಷ್ಟೋ ದೂರ ಹೋದ ಮೇಲೆ. ತೊಂದರೆ ಕಾಣಿಸುವುದೂ ಆಗಲೇ.

ಡೀಸೆಲ್ ಬಿದ್ದರಂತೂ ಪವರ್ ಬಟನ್ನನ್ನೇ ಮುಟ್ಟಬೇಡಿ. ಕಾರು ಹೊರಡಲು ಸಿದ್ಧ ಅಂತ ತೋರಿಸುವ ರೆಡಿ ದೀಪ ಒಮ್ಮೆ ಹತ್ತಿದರೆ ಎಂಜಿನ್ ಯಾವಾಗ ಬೇಕಾದರೂ ತಾನಾಗಿ ಸ್ಟಾರ್ಟ್ ಆಗಿ ಡೀಸೆಲ್ಲನ್ನು ಪೈಪುಗಳಿಗೆಲ್ಲ ಎಳೆದುಕೊಳ್ಳಬಹುದು. ಕಾರನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ, ಟ್ಯಾಂಕ್ ಖಾಲಿ ಮಾಡಿಸಿ. ಪೆಟ್ರೋಲ್ ಹಾಕಿಸುವಾಗಲೂ ಇದೇ ಕಾರಣಕ್ಕೆ ರೆಡಿ ದೀಪ ಆರಿದೆಯಾ ಅಂತ ಕಣ್ಣಿನಿಂದ ನೋಡಿ. ಹೈಬ್ರಿಡ್ಡಿನಲ್ಲಿ ಎಂಜಿನ್ ಸದ್ದು ಕೇಳದಿದ್ದರೂ ಕಾರು ಆನ್ ಇರಬಹುದು.